ಹನ್ನೊಂದು ಆ್ಯಪ್‌ಗಳನ್ನು ಮೂರಕ್ಕೆ ಇಳಿಸಿದ್ದು ಹೇಗೆ

ಪುಟ್ಟ ಆ್ಯಪ್‌ಗಳನ್ನು ಸಾಲಾಗಿ ಸ್ಟೋರ್‌ಗೆ ಬಿಟ್ಟು, ಈಗ ಅವನ್ನೆಲ್ಲ ಏನು ಮಾಡುವುದೆಂದು ತಲೆ ಕೆರೆದುಕೊಳ್ಳುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇವೆ. ವಿಲೀನದ ಕೆಲಸ ಈಗಷ್ಟೇ ಮುಗಿದಿದೆ. ಯಾವ ಹಂತದಲ್ಲಿ ಏನು ಕೈಕೊಡುತ್ತದೆ ಎಂಬುದು ಮರೆಯುವ ಮುನ್ನ ದಾಖಲಾಗಲಿ.

ನಮ್ಮ ಪಟ್ಟಿಯಲ್ಲಿದ್ದದ್ದು ಹನ್ನೊಂದು. ಅಳತೆ ಪರಿವರ್ತಕ, ಸಾಲದ ಕಂತು, ಶೇಕಡಾವಾರು, ವಯಸ್ಸು, ದಿನಾಂಕಗಳ ಅಂತರ, ಇಂಧನ ಖರ್ಚು, ಬಿಎಂಐ, ರಿಯಾಯಿತಿ ದರ, ಟೈಮ್ ಝೋನ್: ಇವು ಒಂಬತ್ತು ಲೆಕ್ಕದ ಆ್ಯಪ್‌ಗಳು. ಜೊತೆಗೆ ಒಂದು ಕ್ಯೂಆರ್ ಸ್ಕ್ಯಾನರ್, ಮಕ್ಕಳಿಗೊಂದು ಮಗ್ಗಿ ಆಟ. ಲೆಕ್ಕದ ಒಂಬತ್ತರ ಒಳಗಿನ ಕೋಡ್ ಬಹುಪಾಲು ಒಂದೇ. ಹೆಸರು, ಐಕಾನ್, ಸೂತ್ರಗಳಷ್ಟೇ ಬೇರೆ.

ಇಷ್ಟೊಂದು ಯಾಕೆ ಮಾಡುತ್ತಾರೆ ಎಂಬುದಕ್ಕೆ ಕಾರಣ ಸರಳ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಹೆಸರಿಗೆ 30 ಅಕ್ಷರಗಳ ಮಿತಿ. ಆಪಲ್ ಆ್ಯಪ್ ಸ್ಟೋರ್‌ನಲ್ಲೂ ಹೆಸರಿಗೆ 30, ಉಪಶೀರ್ಷಿಕೆಗೆ 30, ಕೀವರ್ಡ್ ಜಾಗಕ್ಕೆ 100. ಹುಡುಕಾಟದಲ್ಲಿ ಹೆಸರಿಗೆ ತೂಕ ಹೆಚ್ಚು. ಒಂದು ಹೆಸರಿನಲ್ಲಿ ಒಂಬತ್ತು ವಿಷಯ ತುರುಕಲು ಆಗುವುದಿಲ್ಲ, ಒಂಬತ್ತು ಆ್ಯಪ್ ಮಾಡಿದರೆ ಒಂಬತ್ತು ಹೆಸರು ಸಿಗುತ್ತವೆ. ಖರ್ಚಿನ ಲೆಕ್ಕವೂ ಇದೇ ಆಸೆಗೆ ಇಂಬು ಕೊಡುತ್ತದೆ. ಡೆವಲಪರ್ ಖಾತೆಗೆಂದು ಗೂಗಲ್‌ಗೆ ಒಂದೇ ಸಲ 25 ಡಾಲರ್, ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಿದರೆ ಆಯಿತು. ಎರಡನೇ ಆ್ಯಪ್‌ಗೂ ಇಪ್ಪತ್ತನೆಯದಕ್ಕೂ ಬೇರೆ ಶುಲ್ಕವಿಲ್ಲ. ಹೀಗಾಗಿ ಪ್ರತಿ ಹೊಸ ಆ್ಯಪ್ ಪುಕ್ಕಟೆ ಎನ್ನಿಸುತ್ತದೆ. ಅದರ ಬಿಲ್ಲು ಬರುವುದು ಆಮೇಲೆ, ಕೆಲಸದ ರೂಪದಲ್ಲಿ.

ಸಂಖ್ಯೆಯ ಹುಚ್ಚು ಡೆವಲಪರ್‌ಗಳಿಗಷ್ಟೇ ಇದ್ದದ್ದಲ್ಲ, ಸ್ಟೋರ್ ನಡೆಸುವವರಿಗೂ ಇತ್ತು. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಮತ್ತು ವಿಂಡೋಸ್ ಫೋನ್ ಸ್ಟೋರ್‌ಗಳಿಗೆ ಹಾಕಿದ ಪ್ರತಿ ಆ್ಯಪ್‌ಗೆ 100 ಡಾಲರ್ ಕೊಡುವ ಯೋಜನೆ ತಂದಿತು. 2014ರ ಆಗಸ್ಟ್‌ನಲ್ಲಿ ದಾರಿ ತಪ್ಪಿಸುವ 1,500ಕ್ಕೂ ಹೆಚ್ಚು ಆ್ಯಪ್‌ಗಳನ್ನು ಅದೇ ಕಿತ್ತುಹಾಕಬೇಕಾಯಿತು. ಬ್ಲ್ಯಾಕ್‌ಬೆರಿ 10 ಎಂಬ ಫೋನ್ ವ್ಯವಸ್ಥೆ ಹೊರಬಂದದ್ದು 2013ರ ಜನವರಿಯಲ್ಲಿ, 70,000 ಆ್ಯಪ್‌ಗಳಿವೆ ಎಂಬ ಘೋಷಣೆಯೊಡನೆ. ಆದರೂ ಜನ ಕೇಳುತ್ತಿದ್ದ ನಾಲ್ಕೈದು ಆ್ಯಪ್‌ಗಳು ಅಲ್ಲಿರಲಿಲ್ಲ. ಆ ಎರಡೂ ಫೋನ್‌ಗಳು ಈಗ ಎಲ್ಲಿವೆ ಎಂದು ಹೇಳಬೇಕಿಲ್ಲ.

ಪ್ಲೇ ಸ್ಟೋರ್‌ನದು ಈಗ ಉಲ್ಟಾ ದಿಕ್ಕು. 2024ರಲ್ಲಿ ಸ್ಪ್ಯಾಮ್ ಮತ್ತು ಕನಿಷ್ಠ ಉಪಯುಕ್ತತೆಯ ನಿಯಮಗಳು ಬಿಗಿಯಾದವು. ಆ್ಯಪ್‌ಫಿಗರ್ಸ್ ಸಂಸ್ಥೆಯ ಎಣಿಕೆಯಂತೆ 2024ರ ಆರಂಭದಲ್ಲಿ ಸುಮಾರು 34 ಲಕ್ಷ ಇದ್ದ ಆ್ಯಪ್‌ಗಳು 2025ರ ಏಪ್ರಿಲ್ ಹೊತ್ತಿಗೆ ಸುಮಾರು 18 ಲಕ್ಷಕ್ಕೆ ಇಳಿದಿದ್ದವು. ಒಂದೇ ಬಗೆಯ ಚಿಕ್ಕ ಚಿಕ್ಕ ಆ್ಯಪ್‌ಗಳಿದ್ದರೆ ಎಲ್ಲವನ್ನೂ ಒಂದರಲ್ಲೇ ಸೇರಿಸಿ ಎಂದು ಗೂಗಲ್‌ನ ಸ್ಪ್ಯಾಮ್ ನಿಯಮವೇ ಹೇಳುತ್ತದೆ. ಆಪಲ್‌ನ 4.3ನೇ ನಿಯಮ ಒಂದೇ ಆ್ಯಪ್‌ಗೆ ಹಲವು ಬಂಡಲ್ ಐಡಿ (ಸ್ಟೋರ್ ಆ್ಯಪ್ ಅನ್ನು ಗುರುತಿಸುವ ಹೆಸರು) ಮಾಡಬೇಡಿ ಎನ್ನುತ್ತದೆ. ಟಾರ್ಚ್, ಭವಿಷ್ಯ ಹೇಳುವ ಆ್ಯಪ್‌ಗಳಂಥವು ಈಗಾಗಲೇ ಸಾಕಷ್ಟಿವೆ ಎಂದು ಹೆಸರಿಟ್ಟೇ ಬರೆದಿದೆ.

ಆದರೆ ವಿಲೀನಕ್ಕೆ ದೂಡಿದ್ದು ನಿಯಮದ ಭಯಕ್ಕಿಂತ ಗೂಗಲ್‌ನ ವಾರ್ಷಿಕ ಗಡುವು. ಹೊಸ ಆ್ಯಪ್ ಆಗಲಿ, ಅಪ್‌ಡೇಟ್ ಆಗಲಿ, 2025ರ ಆಗಸ್ಟ್ 31ರಿಂದ ಆಂಡ್ರಾಯ್ಡ್ 15, ಅಂದರೆ ಡೆವಲಪರ್‌ಗಳ ಲೆಕ್ಕದ ಆವೃತ್ತಿ ಸಂಖ್ಯೆಯಾದ ಎಪಿಐ 35 ಅನ್ನು ಗುರಿಯಾಗಿಸಿರಬೇಕು. ಇದು ಒಂದು ಸಂಖ್ಯೆ ಬದಲಿಸಿ ಬಿಲ್ಡ್ ಒತ್ತುವ ಕೆಲಸವಲ್ಲ. ಎಪಿಐ 35ಕ್ಕೆ ಹೋದೊಡನೆ ಪರದೆಯ ಅಂಚಿನವರೆಗೂ ಆ್ಯಪ್ ಹರಡಿಕೊಳ್ಳುತ್ತದೆ. ಮೇಲಿನ ಶೀರ್ಷಿಕೆ ಗಡಿಯಾರದ ಕೆಳಗೆ ನುಸುಳುತ್ತದೆ, ಕೆಳಗಿನ ‘ಲೆಕ್ಕ ಹಾಕಿ’ ಬಟನ್ ನ್ಯಾವಿಗೇಶನ್ ಪಟ್ಟಿಯ ಹಿಂದೆ ಅವಿತುಕೊಳ್ಳುತ್ತದೆ. ಪ್ರತಿ ಪರದೆಗೂ ಇನ್‌ಸೆಟ್, ಅಂದರೆ ಅಂಚಿನಲ್ಲಿ ಬಿಡುವ ಜಾಗ, ಸರಿಪಡಿಸಬೇಕು. ಮೇಲಿಂದ 2025ರ ನವೆಂಬರ್ 1ರಿಂದ 16 ಕೆಬಿ ಮೆಮೊರಿ ಪುಟದ (ಫೋನ್ ತನ್ನ ಮೆಮೊರಿಯನ್ನು ಹಂಚುವ ತುಣುಕಿನ ಗಾತ್ರ) ಬೆಂಬಲ ಕಡ್ಡಾಯ. ನಮ್ಮದು ಬರೀ ಕೋಟ್ಲಿನ್ ಭಾಷೆ, ನೇಟಿವ್ ಕೋಡ್ (ಸಿ, ಸಿ++ನಂಥ ಭಾಷೆಯಲ್ಲಿ ಬರೆದು ಪ್ರೊಸೆಸರ್‌ಗೆಂದೇ ತಯಾರಿಸಿದ್ದು) ಇಲ್ಲ ಎಂದು ಸುಮ್ಮನಿರಬೇಡಿ. ಹಳೆಯ ಲೈಬ್ರರಿಗಳ ಹೊಟ್ಟೆಯಲ್ಲಿ ನೇಟಿವ್ ಫೈಲ್ ಕೂತಿರುತ್ತದೆ. ಆಂಡ್ರಾಯ್ಡ್ ಸ್ಟುಡಿಯೋದ ಎಪಿಕೆ ಅನಲೈಸರ್‌ನಲ್ಲಿ ‘ಲಿಬ್’ ಫೋಲ್ಡರ್ ತೆರೆದು ನೋಡಿ. ಈ ಇಡೀ ಪರೀಕ್ಷೆ ಹನ್ನೊಂದು ಸಲ, ಪ್ರತಿ ವರ್ಷ. ಗಡುವು ಮೀರಿದ ಹಳೆಯ ಆ್ಯಪ್ ಒಮ್ಮೆಲೇ ಮಾಯವಾಗುವುದಿಲ್ಲ. ಹೊಸ ಆಂಡ್ರಾಯ್ಡ್ ಇರುವ ಹೊಸ ಬಳಕೆದಾರರಿಗೆ ಕಾಣಿಸದೆ ಹೋಗುತ್ತದೆ. ಡೌನ್‌ಲೋಡ್ ಯಾಕೆ ಕುಸಿಯಿತು ಎಂದು ಬಹಳ ದಿನ ಹೊಳೆಯುವುದೇ ಇಲ್ಲ.

ಮೊದಲ ಕೆಲಸ: ಎಲ್ಲ ಆ್ಯಪ್‌ಗಳನ್ನೂ ಒಂದು ಸ್ಪ್ರೆಡ್‌ಶೀಟ್‌ಗೆ ಇಳಿಸುವುದು. ಒಟ್ಟು ಡೌನ್‌ಲೋಡ್ ಎಂಬ ಅಂಕಣವೇ ಬೇಡ, ಅದು ಕಣ್ಣಿಗೆ ಮಣ್ಣೆರಚುತ್ತದೆ. ಬೇಕಾದದ್ದು ಇಷ್ಟು: ಈಗ ಎಷ್ಟು ಫೋನ್‌ಗಳಲ್ಲಿ ಜೀವಂತವಾಗಿದೆ, ಕಳೆದ 28 ದಿನಗಳ ಕ್ರ್ಯಾಶ್ ಮತ್ತು ಎಎನ್‌ಆರ್ (ಆ್ಯಪ್ ಪ್ರತಿಕ್ರಿಯಿಸದೆ ಸ್ತಬ್ಧವಾಗುವುದು) ಪ್ರಮಾಣ, ಹುಡುಕಾಟದಿಂದ ಬರುವವರು ಯಾವ ಪದ ಹಾಕಿ ಬರುತ್ತಾರೆ, ಹಣ ಕೊಟ್ಟು ಖರೀದಿಸಿದವರು ಎಷ್ಟು, ಯಾವ ಅನುಮತಿ ಕೇಳುತ್ತದೆ, ಆ್ಯಪ್ ನಮ್ಮದೇ ಎಂದು ಸಾಬೀತುಪಡಿಸುವ ಡಿಜಿಟಲ್ ಸಹಿಯ ಕೀ ಯಾವುದು.

ಈ ಪಟ್ಟಿ ತುಂಬುವಾಗ ಸಂಖ್ಯೆಯ ನಿಜವಾದ ನಷ್ಟ ಕಾಣುತ್ತದೆ. ಕಡಿಮೆ ಬಳಕೆಯ ಆ್ಯಪ್‌ಗಳಿಗೆ ಪ್ಲೇ ಕನ್ಸೋಲ್‌ನ ಆಂಡ್ರಾಯ್ಡ್ ವೈಟಲ್ಸ್ ಪುಟದಲ್ಲಿ ‘ಸಾಕಷ್ಟು ಮಾಹಿತಿ ಇಲ್ಲ’ ಎಂದಷ್ಟೇ ಬರುತ್ತದೆ. ಕ್ರ್ಯಾಶ್ ಆಗುತ್ತಿದೆಯೋ ಇಲ್ಲವೋ ತಿಳಿಯದು. ಐಕಾನ್ ಬದಲಿಸಿ ನೋಡೋಣವೆಂದು ಸ್ಟೋರ್ ಪುಟದ ಪ್ರಯೋಗ ಹಚ್ಚಿದರೆ, ನೋಡುವ ಜನ ಕಡಿಮೆಯಾದ್ದರಿಂದ ತಿಂಗಳು ಕಳೆದರೂ ಫಲಿತಾಂಶ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಇರುವ ಬಳಕೆದಾರರನ್ನು ಹನ್ನೊಂದು ಭಾಗ ಮಾಡಿದರೆ ಯಾವ ಭಾಗವೂ ಏನನ್ನೂ ಹೇಳುವಷ್ಟು ದೊಡ್ಡದಿರುವುದಿಲ್ಲ. ಗುಣಮಟ್ಟ ಸುಧಾರಿಸಲು ಮಾಹಿತಿ ಬೇಕು, ಮಾಹಿತಿಗೆ ಒಂದೇ ಕಡೆ ಜನ ಬೇಕು. ಗುಣಮಟ್ಟವೋ ಸಂಖ್ಯೆಯೋ ಎಂಬ ವಾದದಲ್ಲಿ ಈ ಮಾತು ಯಾರ ಬಾಯಲ್ಲೂ ಬರದಿರುವುದೇ ಸೋಜಿಗ.

ಉಳಿಯಬೇಕಾದ ಆ್ಯಪ್ ಯಾವುದು? ಹೊಸ ಪ್ಯಾಕೇಜ್ ಹೆಸರಿನಲ್ಲಿ (ಸ್ಟೋರ್ ಆ್ಯಪ್ ಅನ್ನು ಗುರುತಿಸುವ ಒಳ ಹೆಸರು) ಶುರು ಮಾಡುವ ಆಸೆ ಬೇಡ. ಪ್ಯಾಕೇಜ್ ಹೆಸರು ಒಮ್ಮೆ ಪ್ರಕಟವಾದರೆ ಬದಲಾಗುವುದಿಲ್ಲ. ರೇಟಿಂಗ್, ವಿಮರ್ಶೆ, ಬಳಕೆದಾರರು ಒಂದರಿಂದ ಇನ್ನೊಂದಕ್ಕೆ ವರ್ಗವಾಗುವುದೂ ಇಲ್ಲ. ಇರುವುದರಲ್ಲೇ ಜೀವಂತ ಬಳಕೆ ಹೆಚ್ಚಿರುವ, ಖರೀದಿದಾರರು ಹೆಚ್ಚಿರುವ, ವೈಟಲ್ಸ್ ಸ್ವಚ್ಛವಾಗಿರುವ ಒಂದನ್ನು ಆರಿಸಿ, ಅದರ ಹೆಸರು ಮತ್ತು ಐಕಾನ್ ಬದಲಿಸಿ. ಅಳತೆ ಪರಿವರ್ತಕ ಉಳಿಯಿತು. ಅದರ ಪ್ಯಾಕೇಜ್ ಹೆಸರಿನಲ್ಲಿ ಇಂದಿಗೂ ‘ಕನ್ವರ್ಟರ್’ ಎಂದೇ ಇದೆ; ಸ್ಟೋರ್ ಕೊಂಡಿಯನ್ನು ಇಣುಕಿ ನೋಡುವವರನ್ನು ಬಿಟ್ಟರೆ ಯಾರಿಗೂ ಅದು ಗೊತ್ತಾಗದು.

ಎಲ್ಲವನ್ನೂ ಸೇರಿಸಬಾರದು ಎಂಬುದೂ ಅಷ್ಟೇ ಮುಖ್ಯ. ಕ್ಯೂಆರ್ ಸ್ಕ್ಯಾನರ್‌ಗೆ ಕ್ಯಾಮೆರಾ ಅನುಮತಿ ಬೇಕು. ಸಾಲದ ಕಂತಿನ ಲೆಕ್ಕಕ್ಕೆ ಕ್ಯಾಮೆರಾ ಯಾಕೆ ಎಂದು ಬಳಕೆದಾರ ಕೇಳಿದರೆ ಉತ್ತರವಿಲ್ಲ. ಮೇಲಾಗಿ ಸ್ಕ್ಯಾನರ್ ತೆರೆಯುವವರಿಗೆ ಮೊದಲ ಪರದೆಯಲ್ಲೇ ಕ್ಯಾಮೆರಾ ಬೇಕು, ಮೆನು ಅಲ್ಲ. ಮಗ್ಗಿ ಆಟದ ಸಮಸ್ಯೆ ಇನ್ನೂ ಗಟ್ಟಿ. ಮಕ್ಕಳು ಗುರಿ ವಯೋಮಾನದಲ್ಲಿದ್ದರೆ ಗೂಗಲ್‌ನ ಕುಟುಂಬ ನೀತಿ ಅನ್ವಯಿಸುತ್ತದೆ: ಮಕ್ಕಳ ಜಾಹೀರಾತು ಐಡಿ (ಜಾಹೀರಾತಿಗಾಗಿ ಬಳಕೆದಾರನನ್ನು ಗುರುತಿಸುವ ಸಂಖ್ಯೆ) ಕಳಿಸುವಂತಿಲ್ಲ, ಜಾಹೀರಾತಿಗೆ ಆ ನೀತಿಯಡಿ ಸ್ವಯಂ ದೃಢೀಕರಿಸಿದ ಎಸ್‌ಡಿಕೆಗಳನ್ನಷ್ಟೇ (ಆ್ಯಪ್‌ಗೆ ಜೋಡಿಸುವ ಹೊರಗಿನವರ ಸಿದ್ಧ ಕೋಡ್) ಬಳಸಬೇಕು. ಅದನ್ನು ಸೇರಿಸಿದರೆ ಇಡೀ ಕ್ಯಾಲ್ಕುಲೇಟರ್ ಆ ಕಟ್ಟುಪಾಡಿಗೆ ಬೀಳುತ್ತದೆ. ಬಳಸುವ ಜನ ಬೇರೆ, ಅನುಮತಿ ಬೇರೆ, ನೀತಿ ಬೇರೆ ಆದಾಗ ಆ್ಯಪ್ ಬೇರೆ ಇರಲಿ. ಸೂತ್ರ ಮಾತ್ರ ಬೇರೆ ಆದರೆ ಅದು ಒಂದು ಟ್ಯಾಬ್‌ನ ವಿಷಯ.

ಕೋಡ್ ಸೇರಿಸುವುದು ಇಡೀ ಪ್ರಕ್ರಿಯೆಯ ಸುಲಭದ ಭಾಗ. ಗಮನಿಸಬೇಕಾದ್ದು ಒಂದೇ: ಒಂಬತ್ತೂ ಭಾಗಗಳನ್ನು ಆ್ಯಪ್ ತೆರೆದೊಡನೆ ಲೋಡ್ ಮಾಡಬೇಡಿ, ಬಳಕೆದಾರ ಮುಟ್ಟಿದ್ದನ್ನು ಮಾತ್ರ ತೆರೆಯಿರಿ. ಕೊನೆಯ ಸಲ ಬಳಸಿದ ಲೆಕ್ಕವೇ ಮೊದಲ ಪರದೆಯಾಗಲಿ. ವಯಸ್ಸಿನ ಲೆಕ್ಕಕ್ಕೆಂದು ಬಂದವರಿಗೆ ಪ್ರತಿ ಸಲ ಒಂಬತ್ತು ಐಕಾನ್‌ಗಳ ಸಂತೆ ತೋರಿಸಿದರೆ ಅವರು ನಿಲ್ಲುವುದಿಲ್ಲ.

ನಿಜವಾದ ಬೆವರು ಇಳಿದದ್ದು ಬಳಕೆದಾರರ ಹಳೆಯ ದತ್ತಾಂಶ ಸಾಗಿಸುವಾಗ. ಉಳಿಸಿಟ್ಟ ಲೆಕ್ಕ, ಮೆಚ್ಚಿನ ಪಟ್ಟಿ, ಸೆಟ್ಟಿಂಗ್ ಎಲ್ಲವೂ ಆಯಾ ಆ್ಯಪ್‌ನ ಖಾಸಗಿ ಜಾಗದಲ್ಲಿರುತ್ತವೆ. ಇನ್ನೊಂದು ಆ್ಯಪ್ ಅಲ್ಲಿಗೆ ಕೈಹಾಕುವಂತಿಲ್ಲ. ಪುಸ್ತಕದಲ್ಲಿರುವ ದಾರಿ: ಹಳೆಯ ಆ್ಯಪ್‌ನಲ್ಲಿ ಕಂಟೆಂಟ್ ಪ್ರೊವೈಡರ್ (ಬೇರೆ ಆ್ಯಪ್‌ಗೆ ದತ್ತಾಂಶ ಒದಗಿಸುವ ಭಾಗ) ಇಟ್ಟು, ‘ಸಿಗ್ನೇಚರ್’ ಮಟ್ಟದ ಅನುಮತಿಯಿಂದ ಅದನ್ನು ಕಾಯುವುದು. ಒಂದೇ ಕೀಯಿಂದ ಸಹಿಯಾದ ಆ್ಯಪ್‌ಗಳಿಗೆ ಮಾತ್ರ ಅದು ತೆರೆಯುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಇದು ಸೊಗಸಾಗಿ ಓಡುತ್ತದೆ, ಸ್ಟೋರ್‌ನಿಂದ ಇಳಿಸಿಕೊಂಡಾಗ ಓಡುವುದಿಲ್ಲ. ಕಾರಣ, ಪ್ಲೇ ಆ್ಯಪ್ ಸೈನಿಂಗ್‌ನಲ್ಲಿ ಗೂಗಲ್ ಸಾಮಾನ್ಯವಾಗಿ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಸಹಿ ಕೀ ಸೃಷ್ಟಿಸುತ್ತದೆ. ನಮ್ಮ ಬಳಿ ಇರುವುದು ಆ್ಯಪ್ ಅನ್ನು ಗೂಗಲ್‌ಗೆ ಕಳಿಸುವಾಗ ಸಹಿ ಹಾಕುವ ಅಪ್‌ಲೋಡ್ ಕೀ ಮಾತ್ರ; ಬಳಕೆದಾರನ ಫೋನಿಗೆ ತಲುಪುವ ಆ್ಯಪ್‌ನಲ್ಲಿ ಅದರ ಗುರುತೇ ಇರುವುದಿಲ್ಲ. ಆದ್ದರಿಂದ ಈ ಪರೀಕ್ಷೆಯನ್ನು ಪ್ಲೇ ಸ್ಟೋರ್‌ನ ಇಂಟರ್ನಲ್ ಟೆಸ್ಟಿಂಗ್ ಟ್ರ್ಯಾಕ್‌ನಿಂದ (ನಮ್ಮವರಿಗಷ್ಟೇ ಆ್ಯಪ್ ತಲುಪಿಸುವ ಹಾದಿ) ಇಳಿಸಿಕೊಂಡ ಪ್ರತಿಯಲ್ಲೇ ಮಾಡಿ.

ಪರಿಹಾರ ಎರಡು. ಆಂಡ್ರಾಯ್ಡ್ 12 ಮತ್ತು ಅದರಾಚೆಗೆ ‘ನೋನ್ ಸೈನರ್’ ಎಂಬ ಸೌಲಭ್ಯವಿದೆ. ಉಳಿಯುವ ಆ್ಯಪ್‌ನ ಪ್ರಮಾಣಪತ್ರದ ಎಸ್‌ಎಚ್‌ಎ-256 ಗುರುತನ್ನು ಪ್ಲೇ ಕನ್ಸೋಲ್‌ನಿಂದ ನಕಲಿಸಿ ಹಳೆಯ ಆ್ಯಪ್‌ಗಳ ಅನುಮತಿ ಘೋಷಣೆಯಲ್ಲಿ ಬರೆದರೆ ಬಾಗಿಲು ತೆರೆಯುತ್ತದೆ. ಅದಕ್ಕೂ ಹಳೆಯ ಫೋನ್‌ಗಳಿಗೆ ‘ರಫ್ತು ಮಾಡಿ’ ಎಂಬ ಬಟನ್ ಕೊಟ್ಟು, ಒಂದು ಫೈಲ್ ಬರೆದು, ಹೊಸದರಲ್ಲಿ ಅದನ್ನು ತೆರೆಯುವುದೇ ದಾರಿ. ಆಂಡ್ರಾಯ್ಡ್ 11ರಿಂದೀಚೆಗೆ ಇನ್ನೊಂದು ಆ್ಯಪ್ ಫೋನಿನಲ್ಲಿದೆಯೇ ಎಂದು ತಿಳಿಯಲು ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ನ ವಿವರ ಘೋಷಿಸುವ ಫೈಲ್) ‘ಕ್ವೆರೀಸ್’ ಅಡಿ ಅದರ ಪ್ಯಾಕೇಜ್ ಹೆಸರು ಬರೆದಿರಬೇಕು. ಇದನ್ನು ಬಿಟ್ಟರೆ ಯಾವ ಎರರ್ ಕೂಡ ಬರುವುದಿಲ್ಲ, ಆ್ಯಪ್ ಇಲ್ಲವೆಂದೇ ಉತ್ತರ ಬರುತ್ತದೆ.

ಐಫೋನ್ ಕಡೆ ಒಂದೇ ತಂಡದ ಆ್ಯಪ್‌ಗಳಿಗೆ ಆ್ಯಪ್ ಗ್ರೂಪ್ ಇದೆ, ಹಂಚಿಕೊಂಡ ಜಾಗದಲ್ಲಿ ದತ್ತಾಂಶ ಇಡಬಹುದು. ಆದರೆ ಹಳೆಯ ಆ್ಯಪ್‌ಗೆ ಮೊದಲು ಒಂದು ಅಪ್‌ಡೇಟ್ ಹೋಗಿ, ಬಳಕೆದಾರ ಅದನ್ನು ಒಮ್ಮೆ ತೆರೆದು, ದತ್ತಾಂಶ ಆ ಜಾಗಕ್ಕೆ ನಕಲಾಗಿರಬೇಕು. ಅಂದರೆ ಮುಚ್ಚಬೇಕಾದ ಆ್ಯಪ್‌ಗಳಿಗೂ ಕೊನೆಯದಾಗಿ ಒಂದು ಅಪ್‌ಡೇಟ್, ಅದಕ್ಕೂ ಪೂರ್ತಿ ಪರಿಶೀಲನೆ. ಆಂಡ್ರಾಯ್ಡ್‌ನಲ್ಲಿ ಈ ಕೊನೆಯ ಅಪ್‌ಡೇಟ್‌ಗೂ ಎಪಿಐ 35 ಬೇಕೇ ಬೇಕು. ಸಾಯುವ ಆ್ಯಪ್‌ಗೂ ಹೊಸ ಬಟ್ಟೆ! ಈ ಕೆಲಸವನ್ನು ಅಂದಾಜಿನಲ್ಲಿ ಸೇರಿಸದಿದ್ದರೆ ವೇಳಾಪಟ್ಟಿ ಅಡಿಮೇಲಾಗುತ್ತದೆ.

ಜಾಹೀರಾತು ತೆಗೆಯಲು ಹಣ ಕೊಟ್ಟವರ ಖರೀದಿಯೂ ಆಯಾ ಪ್ಯಾಕೇಜ್‌ಗೇ ಅಂಟಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಹಳೆಯ ಆ್ಯಪ್ ಖರೀದಿ ಟೋಕನ್ ಕೊಟ್ಟರೆ, ಸರ್ವರ್‌ನಿಂದ ಗೂಗಲ್‌ನ ಡೆವಲಪರ್ ಎಪಿಐಗೆ ಹಳೆಯ ಪ್ಯಾಕೇಜ್ ಹೆಸರಿನಲ್ಲೇ ಕೇಳಿ ಖಚಿತಪಡಿಸಿಕೊಳ್ಳಬಹುದು. ಸರ್ವರ್ ಇಲ್ಲದವರು ಪ್ರೋಮೋ ಕೋಡ್ ಕೊಡಬಹುದು, ಮೂರು ತಿಂಗಳಿಗೆ ಪ್ರತಿ ಆ್ಯಪ್‌ಗೆ 500ರ ಮಿತಿಯಿದೆ. ಆಪಲ್ ತನ್ನದೇ ಖರೀದಿ ವ್ಯವಸ್ಥೆಯ ಹೊರಗೆ ಲೈಸೆನ್ಸ್ ಕೀ ಕೊಟ್ಟು ಸೌಲಭ್ಯ ತೆರೆಯುವುದನ್ನು ಒಪ್ಪುವುದಿಲ್ಲ. ಅಲ್ಲಿ ಖರೀದಿದಾರರು ಹೆಚ್ಚಿರುವ ಆ್ಯಪ್ ಅನ್ನೇ ಉಳಿಸಿಕೊಂಡರೆ ತಲೆನೋವು ಕಡಿಮೆ.

ಸಲ್ಲಿಕೆಯ ಹೊತ್ತಿಗೆ ಕಾಗದಪತ್ರ ತಯಾರಿರಲಿ. ಪ್ಲೇ ಸ್ಟೋರ್‌ಗೆ 512×512 ಐಕಾನ್, 1024×500 ಫೀಚರ್ ಗ್ರಾಫಿಕ್, 80 ಅಕ್ಷರಗಳ ಕಿರು ವಿವರಣೆ, 4,000 ಅಕ್ಷರಗಳವರೆಗಿನ ಪೂರ್ಣ ವಿವರಣೆ, ಖಾಸಗಿತನ ನೀತಿಯ ಕೊಂಡಿ, ವಯೋಮಾನ ರೇಟಿಂಗ್‌ನ ಪ್ರಶ್ನಾವಳಿ, ಆ್ಯಪ್ ಯಾವ ಮಾಹಿತಿ ಸಂಗ್ರಹಿಸುತ್ತದೆ ಎಂದು ತಿಳಿಸುವ ಡೇಟಾ ಸೇಫ್ಟಿ ಫಾರ್ಮ್. ವಿಲೀನವಾದ ಆ್ಯಪ್‌ನಲ್ಲಿ ಬಿಎಂಐಯೂ ಇದೆ, ಸಾಲದ ಕಂತೂ ಇದೆ. ಹಾಗಾಗಿ ಆರೋಗ್ಯದ ಘೋಷಣೆ, ಹಣಕಾಸಿನ ಘೋಷಣೆ ಎರಡನ್ನೂ ಯೋಚಿಸಿ ತುಂಬಬೇಕು. ಸಾಲ ಕೊಡುವುದಿಲ್ಲ, ಲೆಕ್ಕ ಮಾತ್ರ ಹಾಕುತ್ತದೆ ಎಂಬುದು ವಿವರಣೆಯ ಮೊದಲ ಸಾಲುಗಳಲ್ಲೇ ಇರಲಿ.

ಹೊಸದಾಗಿ ಖಾತೆ ತೆರೆಯುವವರಿಗೆ ಒಂದು ಮಾತು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಖಾತೆಯಾದರೆ, ಕನಿಷ್ಠ 12 ಪರೀಕ್ಷಕರು ಸತತ 14 ದಿನ ಕ್ಲೋಸ್ಡ್ ಟೆಸ್ಟ್‌ನಲ್ಲಿ (ಆಯ್ದ ಜನರಿಗಷ್ಟೇ ತೆರೆದ ಪರೀಕ್ಷೆ) ಇದ್ದ ಮೇಲಷ್ಟೇ ಪ್ರಕಟಣೆಗೆ ಅರ್ಜಿ ಹಾಕಬಹುದು. ಒಬ್ಬಿಬ್ಬರು ನಡುವೆ ಹೊರಹೋಗುವುದು ಸಾಮಾನ್ಯ, ಹದಿನೆಂಟೋ ಇಪ್ಪತ್ತೋ ಜನರನ್ನು ಸೇರಿಸಿಕೊಂಡಿರಿ. ಸಂಸ್ಥೆಯ ಖಾತೆಗೆ ಈ ಪರೀಕ್ಷೆ ಇಲ್ಲ, ಆದರೆ ಸಂಸ್ಥೆಗಳನ್ನು ಗುರುತಿಸುವ ಡಿ-ಯು-ಎನ್-ಎಸ್ ಸಂಖ್ಯೆ ಬೇಕು. ಅದರಲ್ಲಿರುವ ಹೆಸರು, ವಿಳಾಸ ನೀವು ಕೊಡುವ ದಾಖಲೆಗಳೊಂದಿಗೆ ಅಕ್ಷರ ಅಕ್ಷರ ಹೊಂದಬೇಕು.

ಸಲ್ಲಿಸಿದ ಮೇಲೆ ಕಾಯುವುದು. ಒಂದು ಸ್ಟೋರ್‌ನಿಂದ ಉತ್ತರ ಬೇಗ ಬಂತು; ಇನ್ನೊಂದರಲ್ಲಿ ‘ಪರಿಶೀಲನೆಯಲ್ಲಿದೆ’ ಎಂಬ ಸಾಲನ್ನೇ ದಿನವೂ ನೋಡುತ್ತ ಕೂರಬೇಕಾಯಿತು. ಆ ಹೊತ್ತಿನಲ್ಲಿ ಹೊಸ ಬಿಲ್ಡ್ (ಆ್ಯಪ್‌ನ ಹೊಸ ಪ್ರತಿ) ಕಳಿಸುವ ಚಪಲ ಬರುತ್ತದೆ, ಬೇಡ. ಮತ್ತೆ ಸಾಲಿನ ಹಿಂದೆ ಹೋಗಿ ನಿಲ್ಲುವ ಅಪಾಯವಿದೆ. ಕೊನೆಗೆ ಬಂದದ್ದು ತಿರಸ್ಕಾರ. ಡೇಟಾ ಸೇಫ್ಟಿ ಫಾರ್ಮ್‌ನಲ್ಲಿ ಹೇಳಿದ್ದಕ್ಕೂ ಆ್ಯಪ್ ನಡೆದುಕೊಳ್ಳುವುದಕ್ಕೂ ತಾಳೆಯಿಲ್ಲ ಎಂಬ ಕಾರಣ. ಹೊಸ ಬಿಲ್ಡ್‌ನಲ್ಲಿ ಎಲ್ಲ ಸರಿಯಿತ್ತು. ತೊಂದರೆ ಇದ್ದದ್ದು ಎಂದೋ ಕ್ಲೋಸ್ಡ್ ಟೆಸ್ಟ್ ಟ್ರ್ಯಾಕ್‌ಗೆ ಹಾಕಿದ್ದ ಹಳೆಯ ಬಿಲ್ಡ್‌ನಲ್ಲಿ. ಅದರೊಳಗಿನ ಹಳೆಯ ಜಾಹೀರಾತು ಎಸ್‌ಡಿಕೆ ಜಾಹೀರಾತು ಐಡಿ ಕಳಿಸುತ್ತಿತ್ತು. ಪರಿಶೀಲನೆ ಎಲ್ಲರಿಗೂ ಬಿಡುವ ಪ್ರೊಡಕ್ಷನ್ ಟ್ರ್ಯಾಕ್‌ಗೆ ಸೀಮಿತವಲ್ಲ, ಎಲ್ಲ ಟ್ರ್ಯಾಕ್‌ಗಳಲ್ಲಿ ಸಕ್ರಿಯವಾಗಿರುವ ಬಿಲ್ಡ್‌ಗಳೂ ಲೆಕ್ಕಕ್ಕೆ ಬರುತ್ತವೆ. ತಿರಸ್ಕಾರ ಬಂದರೆ ಮೇಲ್ಮನವಿ ಬರೆಯುವ ಮೊದಲು ನೋಟಿಸಿನಲ್ಲಿರುವ ವರ್ಶನ್ ಕೋಡ್ ಓದಿ, ಅದು ಯಾವ ಟ್ರ್ಯಾಕ್‌ನಲ್ಲಿದೆ ಹುಡುಕಿ, ಹೊಸ ಬಿಲ್ಡ್‌ನಿಂದ ಅದನ್ನು ಮುಚ್ಚಿ. ತಿರಸ್ಕಾರದಿಂದ ಖಾತೆಗೆ ಕಳಂಕ ಬರುವುದಿಲ್ಲ. ಸಸ್ಪೆನ್ಶನ್ ಆದರೆ ಮಾತ್ರ ಸ್ಟ್ರೈಕ್ ಬೀಳುತ್ತದೆ, ಅದು ಆ್ಯಪ್‌ಗಲ್ಲ, ಖಾತೆಗೆ. ಮೂಲೆಯಲ್ಲಿ ಬಿದ್ದಿರುವ ಒಂದು ಸತ್ತ ಆ್ಯಪ್ ಚೆನ್ನಾಗಿರುವ ಆ್ಯಪ್ ಅನ್ನೂ ಮುಳುಗಿಸಬಲ್ಲದು.

ಬಿಡುಗಡೆಯನ್ನು ಹಂತ ಹಂತವಾಗಿ ಮಾಡಿ. ಪ್ಲೇನಲ್ಲಿ ಪ್ರಮಾಣ ನಿಮ್ಮ ಕೈಯಲ್ಲಿದೆ, ನಡುವೆ ನಿಲ್ಲಿಸಲೂಬಹುದು. ಆಪಲ್‌ನ ಹಂತ ಬಿಡುಗಡೆ ಏಳು ದಿನಗಳದು: 1, 2, 5, 10, 20, 50, ಕೊನೆಗೆ 100 ಪ್ರತಿಶತ. ಕಣ್ಣಿಡಬೇಕಾದ ಗೆರೆಗಳು: ಬಳಕೆದಾರರಿಗೆ ಕಾಣುವ ಕ್ರ್ಯಾಶ್ 1.09 ಪ್ರತಿಶತ, ಎಎನ್‌ಆರ್ 0.47 ಪ್ರತಿಶತ, ಯಾವುದೇ ಒಂದು ಫೋನ್ ಮಾದರಿಯಲ್ಲಿ ಎರಡಕ್ಕೂ 8 ಪ್ರತಿಶತ. ಇವನ್ನು ದಾಟಿದರೆ ಪ್ಲೇ ಸ್ಟೋರ್ ಆ್ಯಪ್ ಅನ್ನು ಹುಡುಕಾಟದಲ್ಲಿ ಹಿಂದಕ್ಕೆ ತಳ್ಳಬಹುದು, ಪುಟದ ಮೇಲೆ ಎಚ್ಚರಿಕೆಯನ್ನೂ ತೋರಿಸಬಹುದು. ಚದುರಿದ್ದ ಬಳಕೆದಾರರು ಒಂದೆಡೆ ಸೇರಿದ ಮೇಲೆ ‘ಸಾಕಷ್ಟು ಮಾಹಿತಿ ಇಲ್ಲ’ ಎಂಬ ಪುಟ ಮೊದಲ ಬಾರಿಗೆ ತುಂಬಿತು. ಟೈಮ್ ಝೋನ್ ಪಟ್ಟಿಯನ್ನು ಪರದೆಯನ್ನು ನಡೆಸುವ ಮುಖ್ಯ ಥ್ರೆಡ್‌ನಲ್ಲಿ ಓದುತ್ತಿದ್ದದ್ದು ಹಳೆಯ ಫೋನ್‌ಗಳನ್ನು ಐದು ಸೆಕೆಂಡಿಗೂ ಹೆಚ್ಚು ಹಿಡಿದಿಡುತ್ತಿತ್ತು ಎಂದು ಗೊತ್ತಾದದ್ದೇ ಆಗ.

ಕಳೆದುಕೊಳ್ಳುವ ಒಂಬತ್ತು ಹೆಸರುಗಳ ಚಿಂತೆಗೆ ಭಾಗಶಃ ಪರಿಹಾರವಿದೆ. ಪ್ಲೇನಲ್ಲಿ ಕಸ್ಟಮ್ ಸ್ಟೋರ್ ಲಿಸ್ಟಿಂಗ್‌ಗಳನ್ನು 50ರವರೆಗೆ ಮಾಡಬಹುದು. ಹುಡುಕಾಟದ ಪದಕ್ಕೆ ತಕ್ಕಂತೆ ಬೇರೆ ಪುಟ ತೋರಿಸುವ ಆಯ್ಕೆಯೂ ಇದೆ. ವಯಸ್ಸಿನ ಲೆಕ್ಕ ಹುಡುಕಿದವರಿಗೆ ವಯಸ್ಸಿನ ಸ್ಕ್ರೀನ್‌ಶಾಟ್ ಮೊದಲು ಕಾಣುತ್ತದೆ. ಹಾಗೆಂದು ಮೋಸ ಹೋಗಬೇಡಿ: ಪುಟ ಬದಲಾಗುತ್ತದೆ, ಹುಡುಕಾಟದ ಸ್ಥಾನ ಬದಲಾಗುವುದಿಲ್ಲ. ಮೊದಲ ಕೆಲವು ವಾರ ಒಟ್ಟು ಡೌನ್‌ಲೋಡ್ ಇಳಿಯುತ್ತದೆ, ಜಾಹೀರಾತಿನ ಹಣವೂ ಇಳಿಯುತ್ತದೆ. ಗಾಬರಿಯಾಗಿ ಹಳೆಯದನ್ನು ಮತ್ತೆ ಪ್ರಕಟಿಸುವ ಮನಸ್ಸಾಗುವುದು ಆಗಲೇ. ಆ ಹೊತ್ತಿನಲ್ಲಿ ನೋಡಬೇಕಾದದ್ದು ಡೌನ್‌ಲೋಡ್ ಗೆರೆಯನ್ನಲ್ಲ, ತಿಂಗಳ ನಂತರವೂ ಫೋನಿನಲ್ಲಿ ಉಳಿದವರ ಗೆರೆಯನ್ನು.

ಒಂದು ನಕ್ಷತ್ರದ ವಿಮರ್ಶೆಗಳೂ ಬರುತ್ತವೆ, ‘ನನ್ನ ಹಳೆಯ ಆ್ಯಪ್ ಎಲ್ಲಿ?’ ಎಂದು. ಪ್ಲೇನಲ್ಲಿ ಉತ್ತರಕ್ಕೆ 350 ಅಕ್ಷರಗಳ ಮಿತಿ. ಕ್ಷಮೆ ಕೇಳುವುದರಲ್ಲೇ ಅದನ್ನು ಮುಗಿಸದೆ, ಯಾವ ಮೆನುವಿನಲ್ಲಿ ಏನಿದೆ, ದತ್ತಾಂಶ ತರುವುದು ಹೇಗೆ ಎಂದು ನೇರವಾಗಿ ಬರೆಯಿರಿ. ಹಾಗೆ ಬರೆದಾಗ ಹಲವರು ನಕ್ಷತ್ರ ಬದಲಿಸುತ್ತಾರೆ.

ಹಳೆಯ ಆ್ಯಪ್‌ಗಳನ್ನು ‘ಅನ್‌ಪಬ್ಲಿಶ್’ ಮಾಡುವುದಕ್ಕೆ ಆತುರ ಬೇಡ. ಮೊದಲು ಒಳಗೆ ಸಂದೇಶ, ನಂತರ ಸ್ಟೋರ್ ವಿವರಣೆಯಲ್ಲಿ ಹೊಸದರ ಹೆಸರು, ಬಳಕೆ ಇಳಿದ ಮೇಲೆ ಅನ್‌ಪಬ್ಲಿಶ್. ಪ್ಲೇನಲ್ಲಿ ಅನ್‌ಪಬ್ಲಿಶ್ ಆದ ಆ್ಯಪ್ ಈಗಾಗಲೇ ಹಾಕಿಕೊಂಡವರ ಫೋನಿನಲ್ಲಿ ಉಳಿಯುತ್ತದೆ, ಅವರಿಗೆ ಅಪ್‌ಡೇಟ್ ಕಳಿಸಲೂಬಹುದು. ಅಂದಮೇಲೆ ಅದರ ಅಪ್‌ಲೋಡ್ ಕೀ, ಸರ್ವರ್ ವಿಳಾಸ, ಖಾಸಗಿತನ ನೀತಿಯ ಪುಟ ಯಾವುದನ್ನೂ ಅಳಿಸಬಾರದು. ಅನ್‌ಪಬ್ಲಿಶ್ ಒತ್ತುವ ಮುನ್ನ ಆಯಾ ಆ್ಯಪ್‌ನ ಎಲ್ಲ ಟೆಸ್ಟ್ ಟ್ರ್ಯಾಕ್‌ಗಳನ್ನೂ ‘ಪಾಝ್’ ಮಾಡಿ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿ, ವಿಮರ್ಶೆ ಮತ್ತು ಗಳಿಕೆಯ ವರದಿಗಳನ್ನು ಸಿಎಸ್‌ವಿ ಆಗಿ ಇಳಿಸಿಕೊಂಡಿರಿ.